ಅಮ್ಮನ ತಂಬೂರಿ, ಬೀದಿಯ ಟ್ರಾನ್ಸ್‌ಫಾರ್ಮರ್

ಡ್ರೋನ್ ಸಂಗೀತ ಅಂದ ಕೂಡಲೇ ಜನ ಮದುವೆ ಛತ್ರದ ಮೇಲೆ ಹಾರುವ ಕ್ಯಾಮೆರಾ ನೆನೆಸಿಕೊಳ್ಳುತ್ತಾರೆ. ಅದಲ್ಲ. ಒಂದು ಸ್ವರ ಹಿಡಿದು, ಅದರ ಮೇಲೆ ಇನ್ನೊಂದು, ಮತ್ತೊಂದು ಪದರ ಕೂರಿಸಿ, ಅರ್ಧ ಗಂಟೆ, ಒಂದು ಗಂಟೆ ಎಳೆಯುವ ಸಂಗೀತ. ಹೊರಗೆ ರೆಕಾರ್ಡ್ ಮಾಡಿದ ಮಳೆ, ರೈಲು, ಸಂತೆಯ ಸದ್ದೂ ಅದರೊಳಗೆ ಸೇರಬಹುದು.

'ಇದರಲ್ಲಿ ಏನೂ ಆಗೋದೇ ಇಲ್ವಲ್ಲ' ಅಂತ ತುಂಬಾ ಜನ ಹೇಳುತ್ತಾರೆ. ತಂಬೂರಿ ಕೇಳಿ ಬೆಳೆದ ನಾವು ಹಾಗೆ ಹೇಳಬಾರದು.

ತಂಬೂರಿಯ ಕುದುರೆ, ಅಂದರೆ ತಂತಿಗಳು ಹಾದುಹೋಗುವ ಅಡ್ಡಪಟ್ಟಿಯ ಹತ್ತಿರ ಕಣ್ಣಿಟ್ಟು ನೋಡಿ. ಪ್ರತಿ ತಂತಿಯ ಕೆಳಗೂ ಒಂದು ದಾರದ ಎಳೆ ಇರುತ್ತದೆ. ಅಮ್ಮ ಅದನ್ನು ಉಗುರಿನಲ್ಲಿ ಸ್ವಲ್ಪ ಸರಿಸುತ್ತಾರೆ, ಮೀಟುತ್ತಾರೆ, ಮತ್ತೆ ಸರಿಸುತ್ತಾರೆ. ಒಂದು ಜಾಗಕ್ಕೆ ಬಂದಾಗ ಸಪ್ಪೆಯಾಗಿದ್ದ ತಂತಿ ಜುಂಯ್ ಅಂತ ತೆರೆದುಕೊಳ್ಳುತ್ತದೆ. ಅದನ್ನೇ ಜೀವಾಳ ಅನ್ನೋದು. ಆಮೇಲೆ ಮಂದ್ರದ, ಅಂದರೆ ಎಲ್ಲಕ್ಕಿಂತ ತಗ್ಗಿನ ಸ್ವರದ ತಂತಿಯೊಂದನ್ನೇ ಮೀಟಿದರೂ, ಯಾರೂ ನುಡಿಸದ ಅಂತರ ಗಾಂಧಾರ ಅನ್ನೋ ಇನ್ನೊಂದು ಸ್ವರ ಅದರೊಳಗಿಂದ ಕೇಳುತ್ತದೆ. ಇಷ್ಟೆಲ್ಲ ಆಗುತ್ತಿದ್ದರೂ ನಾವು ಕಛೇರಿಯಲ್ಲಿ ಅದನ್ನು ಹಿಂದೆ ಕೂರಿಸಿ ಮರೆತುಬಿಡುತ್ತೇವೆ, ಅಲ್ವಾ?

ಪಶ್ಚಿಮದ ಕೆಲವು ಸಂಗೀತಗಾರರು ಇಂಥ ಎಳೆದ ಸ್ವರವನ್ನೇ ಮುಂದೆ ತಂದು ಕೂರಿಸಿದರು. ಅಮೆರಿಕದ ಲಾ ಮಾಂಟ್ ಯಂಗ್ 1958ರಲ್ಲೇ ಉದ್ದುದ್ದ ಸ್ವರಗಳ ಕೃತಿ ಬರೆದಿದ್ದರು. 1970ರಲ್ಲಿ ಹಿಂದೂಸ್ತಾನಿ ಸಂಗೀತದ ಕಿರಾಣಾ ಘರಾನಾದ ಗಾಯಕ ಪಂಡಿತ್ ಪ್ರಾಣನಾಥ್ ನ್ಯೂಯಾರ್ಕಿಗೆ ಹೋದಾಗ ಯಂಗ್ ಅವರ ಶಿಷ್ಯರಾದರು. 1988ರಲ್ಲಿ ಅಮೆರಿಕದವರೇ ಆದ ಪಾಲಿನ್ ಆಲಿವೆರೋಸ್ ಅಕಾರ್ಡಿಯನ್ ಹಿಡಿದು, ಗೆಳೆಯರ ಜೊತೆ ನೆಲದಡಿಯ ಖಾಲಿ ನೀರಿನ ತೊಟ್ಟಿಗೆ ಇಳಿದು ನುಡಿಸಿದರು. ಅಲ್ಲಿ ಒಂದು ಸ್ವರ ಬಿಟ್ಟರೆ ಅದು ಪೂರ್ತಿ ಆರುವುದಕ್ಕೆ 45 ಸೆಕೆಂಡ್ ಬೇಕು. ಹಾಗಾಗಿ ಈಗಿನ ಸ್ವರ ಯಾವುದು, ಆಗಲೇ ನುಡಿಸಿದ್ದು ಯಾವುದು ಅಂತ ಗೊತ್ತೇ ಆಗುವುದಿಲ್ಲ. ಫ್ರಾನ್ಸಿನ ಎಲಿಯಾನ್ ರಾಡಿಗ್ ಸಿಂಥಸೈಜರ್ ಅನ್ನೋ ಎಲೆಕ್ಟ್ರಾನಿಕ್ ವಾದ್ಯದಲ್ಲಿ ಸ್ವರ ಎಳೆಯುವ ಇದೇ ಕೆಲಸವನ್ನು ವರ್ಷಗಟ್ಟಲೆ ಮಾಡಿದರು. ನನಗೆ ಎಲ್ಲರಿಗಿಂತ ಜಾಸ್ತಿ ಇಷ್ಟ ಅವರೇ, ಯಾಕಂದ್ರೆ ಅವರಿಗೆ ಅವಸರ ಅನ್ನೋದೇ ಇಲ್ಲ.

ನನಗೆ ಬೇಜಾರಾಗುವುದು ಇದನ್ನು ನಿದ್ದೆ ಬರಿಸುವ ಸಂಗೀತ ಅಂತ ಮಾರುವುದನ್ನು ನೋಡಿದಾಗ. ದಯವಿಟ್ಟು ಎಚ್ಚರವಾಗಿದ್ದು ಕೇಳಿ. ಮೊದಲ ಹತ್ತು ನಿಮಿಷ ಕಷ್ಟ, ಒಪ್ಪುತ್ತೇನೆ. ಆಮೇಲೆ ಕಿವಿ ತಾನಾಗಿ ಒಳಗೆ ಇಳಿಯುತ್ತದೆ.

ಹೋದ ತಿಂಗಳು ಮಲ್ಲೇಶ್ವರದ ನಮ್ಮ ಮನೆಯಲ್ಲಿ ಒಂದು ಸಂಜೆ ಕಿಟಕಿ ತೆರೆದಿಟ್ಟು, ಫೋನಿನಲ್ಲಿ ರೆಕಾರ್ಡ್ ಹಾಕಿ, ಅಮ್ಮನಿಗೆ ಸುಮ್ನೆ ತಂಬೂರಿ ಮಾತ್ರ ಮೀಟಿ ಅಂದೆ. ಬೀದಿಯಲ್ಲಿ ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡುತ್ತಿತ್ತು. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಹೊರಳುತ್ತದೆ, ಒಳಗಿನ ಕಬ್ಬಿಣ ಅದರ ಎರಡರಷ್ಟು ಸಲ ನಡುಗುತ್ತದೆ, ಅಂದರೆ 100. ಅಮ್ಮನ ಶ್ರುತಿ, ಅಂದರೆ ಅವರು ಹಾಡುವ ಆಧಾರ ಸ್ವರದ ಎತ್ತರ, ಐದು ಮನೆ. ಆ ಶ್ರುತಿಯ ಮಂದ್ರದ ತಂತಿ ಸೆಕೆಂಡಿಗೆ ಸುಮಾರು 98 ಸಲ ನಡುಗುತ್ತದೆ. ಇಷ್ಟು ಹತ್ತಿರದ ಎರಡು ಸದ್ದು ಸೇರಿದರೆ ಅವು ಒಂದನ್ನೊಂದು ಉಜ್ಜಿ, ಸೆಕೆಂಡಿಗೆ ಹೆಚ್ಚುಕಡಿಮೆ ಎರಡು ಸಲ ಏರಿ ಇಳಿಯುವ ಮೂರನೇ ಅಲೆಯೊಂದು ಹುಟ್ಟುತ್ತದೆ. ಹೆಡ್‌ಫೋನಿನಲ್ಲಿ ಕೇಳಿದಾಗ ಆ ಅಲೆ ಸ್ಪಷ್ಟವಾಗಿ ಸಿಕ್ಕಿತು. ನಡುವೆ ಸೊಪ್ಪಿನವರ ಕೂಗು, ಒಂದು ಆಟೋ, ಪಕ್ಕದ ಮನೆ ಕುಕ್ಕರ್. ಯಾವುದನ್ನೂ ತೆಗೆದಿಲ್ಲ.

ಹನ್ನೊಂದನೇ ನಿಮಿಷಕ್ಕೆ ಕರೆಂಟ್ ಹೋಯಿತು. ಟ್ರಾನ್ಸ್‌ಫಾರ್ಮರ್ ನಿಂತ ಕ್ಷಣ ಆ ಅಲೆಯೂ ಮಾಯ, ಅದೇ ತಂಬೂರಿ ಬೇರೆ ಕೋಣೆಗೆ ಬಂದ ಹಾಗೆ ಕೇಳಿತು. ನಾನು ಫೋನಿನ ಕಡೆ ಕೈ ಚಾಚಿದೆ. ಅಮ್ಮ ಮೀಟುತ್ತಲೇ ತಲೆಯಾಡಿಸಿ, 'ನಿಲ್ಲಿಸಬೇಡ ಕಣೇ, ಈಗ ಕೇಳು' ಅಂದರು.