ಫಿಲಡೆಲ್ಫಿಯಾದ ಹಳೆ ನಿವೇಶನಕ್ಕೆ ಇಸಿ ಸಿಗುವುದಿಲ್ಲ

ಜಾಗದ ಮೂಲ ನೋಡಬೇಕು ಅಂದರೆ ನಮ್ಮವರು ಮೊದಲು ಕೇಳುವುದು ಸರ್ವೆ ನಂಬರ್. ನಾನಿರುವ ಅಮೆರಿಕದ ಫಿಲಡೆಲ್ಫಿಯಾದ ಹಳೇ ಪೇಟೆಯಲ್ಲಿ ಆ ಅಭ್ಯಾಸ ಕೆಲಸಕ್ಕೆ ಬರುವುದಿಲ್ಲ. 19ನೇ ಶತಮಾನದ ಮಧ್ಯಭಾಗಕ್ಕಿಂತ ಹಿಂದೆ ಹೋದರೆ ಕ್ರಯಪತ್ರಗಳ ಸೂಚಿ ಇರುವುದು ಹೆಸರಿನ ಮೇಲೆ: ಕೊಟ್ಟವರದ್ದೊಂದು, ಕೊಂಡವರದ್ದೊಂದು. ನಮ್ಮ 1908ರ ನೋಂದಣಿ ಕಾಯ್ದೆಯಲ್ಲಿ ಹೆಸರಿಗೊಂದು ಇಂಡೆಕ್ಸ್, ಸ್ವತ್ತಿಗೊಂದು ಇಂಡೆಕ್ಸ್ ಇದೆ. ಒಂದು ಸ್ವತ್ತಿನ ಮೇಲೆ ನೋಂದಣಿಯಾದ ಕ್ರಯ, ಸಾಲಗಳನ್ನು ಪಟ್ಟಿ ಮಾಡುವ ಋಣಭಾರ ಪತ್ರ, ಅಂದರೆ ನಮ್ಮ ಇಸಿ, ಸಲೀಸಾಗಿ ಸಿಗುವುದು ಆ ಎರಡನೆಯದರಿಂದ. ಈ ಒಂದು ವಿಷಯದಲ್ಲಿ ನಮ್ಮದೇ ಮೇಲು.

ಇಲ್ಲಿ ಇಂದಿನಿಂದ ಹಿಂದಕ್ಕೆ ನಡೆಯಬೇಕು. ಈಗಿನ ಪತ್ರದಲ್ಲಿ ಚಕ್ಕುಬಂದಿಯ ಕೆಳಗೆ ‘ಇದೇ ಸ್ವತ್ತನ್ನು ಇಂಥವರು ಇಂಥ ದಿನ ಕೊಟ್ಟದ್ದು’ ಎನ್ನುವ ಒಂದು ಪ್ಯಾರಾ ಇರುತ್ತದೆ. ಹಿಂದಿನ ಪತ್ರದ ಪುಸ್ತಕ, ಪುಟ ಸಿಗುವುದು ಸಾಮಾನ್ಯವಾಗಿ ಅಲ್ಲೇ. ಪುಸ್ತಕಗಳನ್ನು ಅಕ್ಷರಗಳಿಂದ, ಹೆಚ್ಚಾಗಿ ಅಂದಿನ ರೆಕಾರ್ಡರನ (ಪತ್ರ ದಾಖಲಿಸುವ ಅಧಿಕಾರಿಯ) ಇನಿಷಿಯಲ್ಲಿನಿಂದ ಗುರುತಿಸುತ್ತಾರೆ. ಅಕ್ಷರ ಬಿಟ್ಟು ಬರೀ ಸಂಖ್ಯೆ ಬರೆದುಕೊಂಡರೆ ಬೇರೆಯದೇ ಪುಸ್ತಕ ಕೈಗೆ ಬರುತ್ತದೆ. ಹೀಗೆ ಒಂದರಿಂದ ಒಂದಕ್ಕೆ ಹೋಗುವ ಪತ್ರಗಳ ಸರಪಳಿ ತುಂಡಾದರೆ ಮೊದಲು ಉಯಿಲು ನೋಡಿ, ಆಮೇಲೆ ಶೆರಿಫ್ ಹರಾಜು, ಅಂದರೆ ಕೋರ್ಟಿನ ಆದೇಶದ ಮೇಲೆ ಶೆರಿಫ್ ಎಂಬ ಅಧಿಕಾರಿ ಮಾಡುವ ಹರಾಜು. ಪಿತ್ರಾರ್ಜಿತವಾಗಿ ಬಂದ ಜಾಗಕ್ಕೆ ಕ್ರಯಪತ್ರವೇ ಇರುವುದಿಲ್ಲ. ಹರಾಜಿನ ಪತ್ರಗಳನ್ನು ಕೋರ್ಟಿನ ದಾಖಲೆಗಳಲ್ಲಿ ಹುಡುಕಬೇಕು.

ಮನೆ ನಂಬರನ್ನೂ ನಂಬಬೇಡಿ. 1856–57ರಲ್ಲಿ ಊರಿಗೂರೇ ಮನೆ ಸಂಖ್ಯೆ ಬದಲಾಯಿತು. ಹಳೆ ಪತ್ರದ ಹೈ ಸ್ಟ್ರೀಟ್ ಈಗಿನ ಮಾರ್ಕೆಟ್, ಮಲ್ಬೆರಿ ಈಗಿನ ಆರ್ಚ್, ಸಸ್ಸಾಫ್ರಾಸ್ ಈಗಿನ ರೇಸ್. ಬದಲಾಗದೆ ಉಳಿಯುವುದು ರಸ್ತೆಯ ಮೂಲೆಯಿಂದ ಇಷ್ಟು ಅಡಿ ಎನ್ನುವ ಲೆಕ್ಕ. ಪರ್ಚ್ ಎಂಬ ಹಳೆ ಅಳತೆ ಇದ್ದರೆ ಅದು 16½ ಅಡಿ. ಅಗಲ 49½ ಅಡಿ ಎಂದು ಕಂಡರೆ ಅದು ಮೂರು ಪರ್ಚ್. ಚಕ್ಕುಬಂದಿಯ ಪಕ್ಕದವನ ಹೆಸರನ್ನು ಹಿಂದಿನ ಪತ್ರದಿಂದ ಎತ್ತಿ ಬರೆಯುತ್ತಿದ್ದರು, ಆತ ಸತ್ತು ಎಷ್ಟು ವರ್ಷವಾಗಿದ್ದರೂ ಸರಿ. ಇದರಲ್ಲಿ ನಾವೇನೂ ಕಡಿಮೆಯಿಲ್ಲ.

ಹೊಸಬರು ತಪ್ಪದೆ ಮುಗ್ಗರಿಸುವುದು ನೆಲಬಾಡಿಗೆಯಲ್ಲಿ. ಮಾರುವವನು ಪೂರ್ತಿ ಹಣ ಕೇಳದೆ, ವರ್ಷಕ್ಕಿಷ್ಟು ಎಂದು ಶಾಶ್ವತ ಬಾಡಿಗೆ ಉಳಿಸಿಕೊಂಡು ನಿವೇಶನ ಕೊಡುತ್ತಿದ್ದ. ಕೊಂಡವನು ಮನೆ ಕಟ್ಟಿ ಮಾಲೀಕನಾಗುತ್ತಿದ್ದ, ಮಾರಿದವನಿಗೆ ಬಾಡಿಗೆಯ ಹಕ್ಕು ಉಳಿಯುತ್ತಿತ್ತು. ಆ ಹಕ್ಕನ್ನೂ ಮಾರಬಹುದಿತ್ತು, ಮಕ್ಕಳಿಗೆ ಬಿಡಬಹುದಿತ್ತು. ಹಾಗಾಗಿ ಒಂದೇ ಜಾಗಕ್ಕೆ ಎರಡು ಸರಪಳಿ. ಬಾಡಿಗೆ ಮಾರಿದ ಪತ್ರದಲ್ಲೂ ನಿವೇಶನದ ಪೂರ್ತಿ ಅಳತೆ ಇರುತ್ತದೆ. ಮಧ್ಯದ ಸಾಲು ಓದದೆ ಹಾರಿದರೆ ಮನೆಯ ಮಾಲೀಕನನ್ನು ಬಿಟ್ಟು ಬಾಡಿಗೆ ತಿನ್ನುವವರ ಹಿಂದೆ ಹೋಗುತ್ತೀರಿ. ಬೆಲೆ ತೀರಾ ಕಡಿಮೆ ಕಂಡರೆ ಅನುಮಾನಪಡಿ. ಐದು ಷಿಲಿಂಗಿಗೆ ಒಂದು ವರ್ಷದ ಗುತ್ತಿಗೆ, ಮರುದಿನ ಬಿಡುಗಡೆ ಪತ್ರ ಎಂದಿದ್ದರೆ ಮಾತ್ರ ಚಿಂತೆಯಿಲ್ಲ: ಎರಡೂ ಸೇರಿ ಒಂದೇ ಕ್ರಯ. ಈ ಪ್ರಾಂತ್ಯವನ್ನು ಸ್ಥಾಪಿಸಿದ ವಿಲಿಯಂ ಪೆನ್ ಮೊದಲ ಖರೀದಿದಾರರಿಗೆ ಮಾರಿದ್ದೇ ಹೀಗೆ.

ತಾರೀಖಿನಲ್ಲೂ ಎಚ್ಚರ: 1752ಕ್ಕೆ ಮುಂಚೆ ಇಲ್ಲಿ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ. ಕ್ವೇಕರ್ ಎಂಬ ಕ್ರೈಸ್ತ ಪಂಥದವರು ತಿಂಗಳ ಹೆಸರು ಹೇಳದೆ ಸಂಖ್ಯೆ ಬರೆಯುತ್ತಿದ್ದರು. ಅವರ ಮೊದಲ ತಿಂಗಳು ಮಾರ್ಚ್. ಆದ್ದರಿಂದ 1701ರ ಫೆಬ್ರುವರಿ ಎಂದು ಬರೆದ ಪತ್ರ 1701ರ ಡಿಸೆಂಬರ್ ಪತ್ರಕ್ಕಿಂತ ಈಚಿನದು.

ಒಂದೇ ಹೆಸರಿನ ಇಬ್ಬರನ್ನು ಬೇರೆ ಮಾಡಲು ನಮ್ಮ ಪತ್ರಗಳಲ್ಲಿ ಬಿನ್ (ಇಂಥವರ ಮಗ), ಕೋಂ (ಇಂಥವರ ಹೆಂಡತಿ) ಇವೆ. ಇಲ್ಲಿ ಕಸುಬು: ಬಡಗಿ, ಚಮ್ಮಾರ, ಪೀಪಾಯಿ ಮಾಡುವವ. ಕಸುಬು ಬದಲಾಗುತ್ತದೆ, ಅಪ್ಪ ಬದಲಾಗುವುದಿಲ್ಲ. ವಿಧವೆ ಮರುಮದುವೆಯಾದರೆ ಇಲ್ಲಿ ಸೂಚಿಯಲ್ಲಿ ಆಕೆಯ ಮನೆತನದ ಹೆಸರೇ ಬೇರೆಯಾಗಿರುತ್ತದೆ.

ಇಷ್ಟೆಲ್ಲ ಕಷ್ಟವಿರುವುದರಿಂದ ಇಲ್ಲಿ ಹುಡುಕುವವರು ಪ್ರತಿ ಪತ್ರವನ್ನೂ ಪೂರ್ತಿ ಓದುತ್ತಾರೆ. ನಮ್ಮಲ್ಲಿ ಇಸಿ ಕೈಗೆ ಬಂದರೆ ಓದುವುದು ಮುಗಿಯಿತು. ನಮೂನೆ 16, ಅಂದರೆ ಋಣಭಾರವಿಲ್ಲ ಎನ್ನುವ ಇಸಿ, ಹೇಳುವುದು ಆ ಅವಧಿಯಲ್ಲಿ ಏನೂ ನೋಂದಣಿಯಾಗಿಲ್ಲ ಎಂದಷ್ಟೇ. ಬಾಯಿಮಾತಿನ ಪಾಲು, ನೋಂದಾಯಿಸದ ಉಯಿಲು, ನಡುವೆ ಸತ್ತವರು ಅದರಲ್ಲಿ ಕಾಣುವುದಿಲ್ಲ. ಸ್ಥಿರಾಸ್ತಿಯ ಪತ್ರಗಳು ದಾಖಲಾಗುವ ಪುಸ್ತಕ 1ನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದೆಂದು ನಮ್ಮ ಕಾಯ್ದೆಯ 57ನೇ ಕಲಮೂ ಹೇಳುತ್ತದೆ. ಬಳಸುವವರು ಎಷ್ಟು ಜನ?