ಸ್ಪಷ್ಟನೆ: ಸಿಪಿಟಿ ಮಾಡಿದರೆ ಓಪಿಟಿ ಕಡಿಮೆಯಾಗುತ್ತದೆಯೇ?

ಅಮೆರಿಕದಲ್ಲಿ ಎಂಎಸ್ ಓದುವ ನಮ್ಮ ಮಕ್ಕಳ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮಾತು ಓಡಾಡುತ್ತಿದೆ: ಸಿಪಿಟಿಯಲ್ಲಿ (ಓದಿನ ಭಾಗವಾಗಿ ಕೆಲಸ ಮಾಡಲು ಸಿಗುವ ಅನುಮತಿ) ಬೇಸಿಗೆ ಇಂಟರ್ನ್‌ಶಿಪ್ ಮಾಡಿದರೆ, ಓಪಿಟಿಯಲ್ಲಿ (ಓದಿದ ವಿಷಯದಲ್ಲೇ, ಸಾಮಾನ್ಯವಾಗಿ ಪದವಿಯ ನಂತರ, ಕೆಲಸ ಮಾಡುವ ಅನುಮತಿ) ಅಷ್ಟು ತಿಂಗಳು ಕಡಿತವಂತೆ. ಇದು ತಪ್ಪು. ಪೂರ್ಣಾವಧಿ ಸಿಪಿಟಿ 12 ತಿಂಗಳು ಅಥವಾ ಅದಕ್ಕಿಂತ ಜಾಸ್ತಿಯಾದರೆ ಮಾತ್ರ ಆ ಪದವಿ ಹಂತದ ಓಪಿಟಿ ಕೈತಪ್ಪುತ್ತದೆ. ಕಡಿಮೆಯಿದ್ದರೆ ಒಂದು ದಿನವೂ ಕಡಿತವಿಲ್ಲ. ವಾರಕ್ಕೆ 20 ಗಂಟೆಯೊಳಗಿನ ಸಿಪಿಟಿ ಈ ಲೆಕ್ಕಕ್ಕೇ ಬರುವುದಿಲ್ಲ. ಪದವಿಯ ನಂತರದ ಓಪಿಟಿಯಿಂದ ಕಳೆಯುವುದು, ಓದು ಮುಗಿಯುವ ಮೊದಲೇ ಬಳಸಿದ ಓಪಿಟಿಯನ್ನು, ಸಿಪಿಟಿಯನ್ನಲ್ಲ. ಎರಡನ್ನೂ ಬೆರೆಸಿಕೊಂಡಿದ್ದಾರೆ, ಅಷ್ಟೇ.

ಮೂರು ತಿಂಗಳ ಕೋಡಿಂಗ್ ಕೆಲಸ ಸಿಕ್ಕಿದ್ದರೆ ಸುಮ್ನೆ ಹೆದರಿ ಬಿಡಬೇಡಿ. ಎಷ್ಟು ಕಷ್ಟಪಟ್ಟು ಗಳಿಸಿದ್ದು, ಅಲ್ವಾ? ಆದರೆ ಐ-20ರಲ್ಲಿ (ಕಾಲೇಜು ಕೊಡುವ ವಿದ್ಯಾರ್ಥಿ ದಾಖಲೆ) ಸಿಪಿಟಿ ಅನುಮತಿ ದಾಖಲಾಗುವ ಮುನ್ನ ಕೆಲಸ ಶುರು ಮಾಡಲೇಬೇಡಿ.