ನರ್ಸಿಂಗ್ ಯಾಕೆ ಅಂದರೆ 'ಸೇವೆ' ಅನ್ನಲೇಬೇಕಾ?

ಪಿಯುಸಿ ರಿಸಲ್ಟ್ ಬಂದ ಮೇಲೆ ಅಡ್ಮಿಷನ್ ಟೇಬಲ್ ಮುಂದೆ ಪ್ರತಿ ವರ್ಷ ಅದೇ ಪ್ರಶ್ನೆ, ಅದೇ ಉತ್ತರ. "ಯಾಕಮ್ಮಾ ನರ್ಸಿಂಗ್?" "ಜನಸೇವೆ ಮಾಡ್ಬೇಕು ಅಂತ ಸಾರ್." ಪಕ್ಕದಲ್ಲಿ ಕೂತ ಅಪ್ಪನ ಲೆಕ್ಕ ಬೇರೆ: ಓದು ಮುಗಿದ ಕೂಡಲೇ ಕೆಲಸ ಸಿಗುತ್ತಾ, ಹೊರದೇಶಕ್ಕೆ ದಾರಿ ಇದೆಯಾ, ಚಿಕ್ಕವಳ ಫೀಸಿಗೆ ಆಸರೆಯಾಗುತ್ತಾ. ಆ ಲೆಕ್ಕದಲ್ಲಿ ನಾಚಿಕೆಪಡುವಂಥದ್ದು ಏನಿದೆ? ಇಂಜಿನಿಯರಿಂಗ್ ಸೇರುವ ಹುಡುಗನನ್ನು ಯಾರೂ 'ದೇಶಸೇವೆಗಾ?' ಅಂತ ಕೇಳುವುದಿಲ್ಲ.

ಈ 'ಸೇವೆ' ಅನ್ನುವ ಮಾತು ಮುಂದೆ ಸಂಬಳ ಕೇಳಿದಾಗ ಬಾಯಿ ಮುಚ್ಚಿಸಲು ಚೆನ್ನಾಗಿ ಬಳಕೆಯಾಗುತ್ತದೆ. ಸುಪ್ರೀಂ ಕೋರ್ಟ್ ಸೂಚನೆಯಂತೆ ಕೇಂದ್ರ ನೇಮಿಸಿದ್ದ ಸಮಿತಿ 2016ರಲ್ಲೇ ಹೇಳಿತ್ತು: 50ಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲೂ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದು, 200 ಹಾಸಿಗೆ ದಾಟಿದರೆ ಸರ್ಕಾರಿ ಸಂಬಳಕ್ಕೆ ಸಮ ಇರಬೇಕು. ನಿಮ್ಮೂರಿನ ನರ್ಸಿಂಗ್ ಹೋಮಿನಲ್ಲಿ ಎಷ್ಟು ಕೊಡುತ್ತಾರೆ, ಒಮ್ಮೆ ಕೇಳಿ ನೋಡಿ.

ಕಾರಣ ಯಾವುದಾದರೂ ಇರಲಿ, ಅದು ಸೇರುವವರಿಗೆ ಗೊತ್ತಿರಬೇಕು. ಯಾಕೆಂದರೆ ಕೋರ್ಸು ಅದರ ಮೇಲೆ ನಿಂತಿದೆ. ಆರ್ಟ್ಸ್, ಕಾಮರ್ಸ್ ಓದಿದವರಿಗೆ ಜಿಎನ್‌ಎಂ ಅನ್ನುವ ನರ್ಸಿಂಗ್ ಡಿಪ್ಲೊಮಾ ಇದೆ, 3 ವರ್ಷ. ಬೇಕೆಂದರೆ ಆಮೇಲೆ 2 ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ. ಪಿಸಿಬಿ (ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ) ಓದಿದವರಿಗೆ ನೇರ ಬಿಎಸ್ಸಿ, 4 ವರ್ಷ. ಸರ್ಕಾರಿ ಕೆಲಸವೇ ಗುರಿ ಅನ್ನುವವರಿಗೆ ಈ ವ್ಯತ್ಯಾಸ ದೊಡ್ಡದು: ಕೇಂದ್ರದ ಏಮ್ಸ್ ಆಸ್ಪತ್ರೆಗಳಿಗೆ ನರ್ಸ್‌ಗಳನ್ನು ಆರಿಸುವ ನಾರ್ಸೆಟ್ ಪರೀಕ್ಷೆಗೆ ಬಿಎಸ್ಸಿಯವರು ನರ್ಸಿಂಗ್ ಕೌನ್ಸಿಲ್ ನೋಂದಣಿ ಆದ ಕೂಡಲೇ ಕೂರಬಹುದು, ಜಿಎನ್‌ಎಂನವರಿಗೆ ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ 2 ವರ್ಷದ ಅನುಭವ ಬೇಕು. ಅಲ್ಲಿ ಮೂಲ ವೇತನವೇ 44,900ರಿಂದ ಶುರು. ಗಂಡುಮಕ್ಕಳಿಗೆ ಒಂದು ಮಾತು, ಅಲ್ಲಿ ನಿಮ್ಮ ಪಾಲು ನೂರಕ್ಕೆ 20 ಮಾತ್ರ.

'ನೀಟ್ ಆಗಲಿಲ್ಲ, ಅದಕ್ಕೇ ನರ್ಸಿಂಗ್' ಅನ್ನುವವರೂ ಬಹಳ. ತಪ್ಪೇನಿಲ್ಲ. ಆದರೆ ಇದನ್ನು ಅರ್ಧ ಡಾಕ್ಟರಿಕೆ ಅಂದುಕೊಂಡು ಬಂದರೆ ಮೊದಲ ವಾರ್ಡ್ ಪೋಸ್ಟಿಂಗಿನಲ್ಲೇ ಮುಖ ಬಾಡುತ್ತದೆ. ಕೆಲಸದ ಜಾತಿಯೇ ಬೇರೆ. ಡಾಕ್ಟರು ರೌಂಡ್ಸಿಗೆ ಬಂದು ಹೋಗುತ್ತಾರೆ, ರೋಗಿಯ ಉಳಿದ ಇಡೀ ದಿನ ನರ್ಸಿನ ಕೈಯಲ್ಲಿರುತ್ತದೆ.

ಒಂದು ಡ್ರಿಪ್ ತಗೊಳ್ಳಿ. 500 ಎಂಎಲ್ ಸಲೈನ್ 4 ಗಂಟೆಯಲ್ಲಿ ಹೋಗಬೇಕು. ಡ್ರಿಪ್ಪಿನ ಕೊಳವೆ ಸೆಟ್ಟಿನ ಮೇಲೆ 1 ಎಂಎಲ್‌ಗೆ 20 ಹನಿ ಅಂತಿದ್ದರೆ ಒಟ್ಟು 10,000 ಹನಿ, 240 ನಿಮಿಷ. ನಿಮಿಷಕ್ಕೆ ಸುಮಾರು 42. ವಾಚು ನೋಡಿಕೊಂಡು ಹನಿ ಎಣಿಸಿ, ವೇಗ ಹೊಂದಿಸುವ ರೋಲರ್ ಬಿಗಿ ಮಾಡಿ ಬಂದರೆ ಮುಗಿಯಿತಾ? ರೋಗಿ ಕೈ ಮಡಚುತ್ತಾರೆ, ಹನಿ ನಿಲ್ಲುತ್ತದೆ. ರೋಗಿಯ ಕಡೆಯವರು 'ಸ್ಲೋ ಆಗ್ತಿದೆ' ಅಂತ ತಾವೇ ರೋಲರ್ ಸಡಿಲಿಸುತ್ತಾರೆ. ಹಾರ್ಟ್ ವೀಕ್ ಇರುವ ಅಜ್ಜನಿಗೆ ಆ ಬಾಟಲಿ ಅರ್ಧ ಗಂಟೆಯಲ್ಲಿ ಇಳಿದರೆ ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರಾಡಲು ಒದ್ದಾಡುತ್ತಾರೆ. ಹಾಗಾಗಿ ಮತ್ತೆ ಹೋಗಿ ಎಣಿಸಬೇಕು. ಕ್ಯಾನುಲಾ (ನರದೊಳಗೆ ಇಟ್ಟ ಸಣ್ಣ ಕೊಳವೆ) ಇರುವ ಜಾಗ ಮುಟ್ಟಿ ನೋಡಬೇಕು, ಊದಿದ್ದರೆ ತೆಗೆದು ಬೇರೆ ನರ ಹುಡುಕಬೇಕು. ಗುಲಾಬಿ ಬಣ್ಣದ 20 ಗೇಜ್ ಕ್ಯಾನುಲಾ ಹೋಗದಷ್ಟು ಸಣ್ಣ ನರವಾದರೆ ಅದಕ್ಕಿಂತ ತೆಳುವಾದ ನೀಲಿ 22. ಅದೇ ಹೊತ್ತಿಗೆ ಪಕ್ಕದ ಬೆಡ್ಡಿನ ಸ್ಟ್ರೋಕ್ ರೋಗಿಯನ್ನು 2 ಗಂಟೆಗೊಮ್ಮೆ ಮಗ್ಗುಲು ತಿರುಗಿಸದಿದ್ದರೆ ಸೊಂಟದ ಹಿಂದೆ ಚರ್ಮ ಕೆಂಪಾಗಿ ಬೆಡ್‌ಸೋರ್ ಶುರು. ಇಂಥ ಲೆಕ್ಕಾಚಾರ, ಇಂಥ ಗಮನ ಯಾರಿಗೆ ಹಿಡಿಸುತ್ತದೋ ಅವರು ಈ ಕೆಲಸದಲ್ಲಿ ಉಳಿಯುತ್ತಾರೆ. ಕರುಣೆ ಇದ್ದೂ ಎಣಿಕೆ ತಪ್ಪುವವರಿಗಿಂತ, ಮಾತು ಸ್ವಲ್ಪ ಒರಟಾದರೂ ಎಣಿಕೆ ತಪ್ಪದ ಸಿಸ್ಟರ್ ರೋಗಿಗೆ ಕ್ಷೇಮ ಅನ್ನುವುದು ನನ್ನ ಅಭಿಪ್ರಾಯ. ಬೈಯುವವರು ಬೈಯಲಿ.

ಇನ್ನು ಹೊರದೇಶ. ಬಹಳ ಮನೆಗಳಲ್ಲಿ ನಿಜವಾದ ಕಾರಣ ಇದೇ. ಬ್ರಿಟನ್ನಿಗೆ ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆಯಲ್ಲಿ 7, ರೈಟಿಂಗ್‌ನಲ್ಲಿ ಮಾತ್ರ 6.5 ನಡೆಯುತ್ತದೆ, ಇಲ್ಲವೇ ಆರೋಗ್ಯ ಕ್ಷೇತ್ರದವರ ಇಂಗ್ಲಿಷ್ ಪರೀಕ್ಷೆ ಒಇಟಿ. ಜೊತೆಗೆ ಕಂಪ್ಯೂಟರಿನಲ್ಲಿ ಬರೆಯುವ ಸಿಬಿಟಿ, ಅಲ್ಲಿಗೆ ಹೋದ ಮೇಲೆ ಕೆಲಸ ಮಾಡಿ ತೋರಿಸುವ ಓಸ್ಕಿ ಪರೀಕ್ಷೆ. ಅಮೆರಿಕಕ್ಕೆ ಎನ್‌ಕ್ಲೆಕ್ಸ್ ಅನ್ನುವ ಲೈಸೆನ್ಸ್ ಪರೀಕ್ಷೆ. ಜರ್ಮನಿಗೆ ಜರ್ಮನ್ ಭಾಷೆಯೇ ಬೇಕು, ಸಾಮಾನ್ಯವಾಗಿ ಬಿ2 ಮಟ್ಟಕ್ಕೆ, ಅಂದರೆ ಸರಾಗವಾಗಿ ಮಾತಾಡುವಷ್ಟು. ಗಲ್ಫ್‌ಗೆ ಲೈಸೆನ್ಸ್ ಪರೀಕ್ಷೆ, ಜೊತೆಗೆ ಡೇಟಾಫ್ಲೋ ಅನ್ನುವ ದಾಖಲೆ ಪರಿಶೀಲನೆ: ಕಾಲೇಜು, ಕೌನ್ಸಿಲ್, ಕೆಲಸ ಮಾಡಿದ ಆಸ್ಪತ್ರೆ ಎಲ್ಲರಿಗೂ ನೇರವಾಗಿ ಬರೆದು ದಾಖಲೆ ನಿಜವೇ ಅಂತ ಕೇಳುತ್ತಾರೆ. ದುಡ್ಡು ಕೊಟ್ಟು ತಂದ ಅನುಭವ ಪತ್ರ ಸಿಕ್ಕಿಬೀಳುವುದು ಇಲ್ಲೇ.

ನಮ್ಮವರು ಎಡವುವ ಇನ್ನೊಂದು ಜಾಗ ಇನಿಷಿಯಲ್. ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ 'ಕವಿತಾ ಎಂ', ಪಾಸ್‌ಪೋರ್ಟಿನಲ್ಲಿ 'ಕವಿತಾ ಮಂಜುನಾಥ', ಕೌನ್ಸಿಲ್ ನೋಂದಣಿಯಲ್ಲಿ 'ಎಂ ಕವಿತಾ'. ನಮಗೆ ಮೂವರೂ ಒಬ್ಬಳೇ, ಅಲ್ಲಿನ ಕಂಪ್ಯೂಟರಿಗೆ ಮೂವರು. ಅಫಿಡವಿಟ್, ತಿದ್ದುಪಡಿ, ಮತ್ತೆ ಶುಲ್ಕ ಅಂತ ತಿಂಗಳುಗಟ್ಟಲೆ ಓಡಾಟ. ಹೋಗುವ ಯೋಚನೆ ಇದ್ದರೆ ಅಡ್ಮಿಷನ್ ಫಾರಂ ತುಂಬುವ ಮುಂಚೆ ಪಾಸ್‌ಪೋರ್ಟ್ ಮಾಡಿಸಿ, ಅದರಲ್ಲಿ ಹೆಸರು ಹೇಗಿದೆಯೋ ಹಾಗೇ ಎಲ್ಲ ಕಡೆ ಬರೆಸಿ.